ರಿಲೇಟಿವ್ ಚಿತ್ರ ಲಿಂಕ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಲೇಖನ ಹಾಕಿದ ದಿನ ಚಿತ್ರಗಳೆಲ್ಲ ಚೆನ್ನಾಗಿಯೇ ಕಾಣುತ್ತವೆ. ಸೈಟನ್ನು ಬೇರೆ ಹೋಸ್ಟಿಂಗ್‌ಗೆ ಸಾಗಿಸಿದಾಗಲೋ, ಅದೇ ಲೇಖನ ಮುಖಪುಟದಲ್ಲಿ ಬಂದಾಗಲೋ ಚಿತ್ರದ ಜಾಗದಲ್ಲಿ ಮುರಿದ ಐಕಾನ್ ಬಂದು ಕೂರುತ್ತದೆ. ಹೆಚ್ಚಿನ ಸಲ ಚಿತ್ರದ ಫೈಲ್ ಇಟ್ಟಲ್ಲೇ ಇರುತ್ತದೆ. ತಪ್ಪಿರುವುದು ಅದಕ್ಕೆ ಬರೆದ ದಾರಿ. ಆ ದಾರಿಯನ್ನು ಬ್ರೌಸರ್ ಹೇಗೆ ಓದುತ್ತದೆ ಎಂದು ಒಮ್ಮೆ ತಿಳಿದರೆ ಈ ತೊಂದರೆಗಳಲ್ಲಿ ಬಹುಪಾಲನ್ನು ನೀವೇ ಸರಿಪಡಿಸಬಹುದು.

ಕೆಳಗಿನ ಉದಾಹರಣೆಗಳಲ್ಲಿ ಫೋಲ್ಡರ್ ಮತ್ತು ಫೈಲ್ ಹೆಸರುಗಳನ್ನು ಓದಲು ಸುಲಭವಾಗಲೆಂದು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ನಿಮ್ಮ ಸೈಟಿನಲ್ಲಿ ಇವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಇಡುವುದು ಒಳ್ಳೆಯದು. ಕಾರಣ ಮುಂದೆ ಬರುತ್ತದೆ.

ರಿಲೇಟಿವ್ ಲಿಂಕ್ ಎಂದರೇನು? ಎಷ್ಟು ಬಗೆಯಲ್ಲಿ ಬರೆಯಬಹುದು?

ಚಿತ್ರದ ವಿಳಾಸವನ್ನು ಪೂರ್ತಿ ಬರೆಯದೆ ಒಂದು ಭಾಗವನ್ನಷ್ಟೇ ಬರೆದು, ಉಳಿದದ್ದನ್ನು ತುಂಬಿಕೊಳ್ಳಲು ಬ್ರೌಸರ್‌ಗೆ ಬಿಟ್ಟರೆ ಅದು ರಿಲೇಟಿವ್ ಲಿಂಕ್. ಪುಟದಲ್ಲಿ ಚಿತ್ರ ತೋರಿಸುವ ಐಎಮ್‌ಜಿ ಟ್ಯಾಗ್‌ನ ಎಸ್‌ಆರ್‌ಸಿಯಲ್ಲಿ, ಅಂದರೆ ಚಿತ್ರದ ವಿಳಾಸ ಬರೆಯುವ ಜಾಗದಲ್ಲಿ, ಒಂದೇ ಚಿತ್ರಕ್ಕೆ ನಾಲ್ಕು ಬಗೆಯಲ್ಲಿ ದಾರಿ ಹೇಳಬಹುದು:

- ಎಚ್‌ಟಿಟಿಪಿಎಸ್://ಉದಾಹರಣೆ.ಕಾಮ್/ಚಿತ್ರ/ಗೂಡು.ಜೆಪಿಜಿ: ಪೂರ್ಣ ವಿಳಾಸ. ಬ್ರೌಸರ್ ತುಂಬಿಕೊಳ್ಳಬೇಕಾದದ್ದು ಏನೂ ಇಲ್ಲ.
- //ಉದಾಹರಣೆ.ಕಾಮ್/ಚಿತ್ರ/ಗೂಡು.ಜೆಪಿಜಿ: ಪ್ರೋಟೋಕಾಲ್ ಮಾತ್ರ ಬಿಟ್ಟದ್ದು.
- /ಚಿತ್ರ/ಗೂಡು.ಜೆಪಿಜಿ: ಒಂದೇ ಸ್ಲ್ಯಾಶ್‌ನಿಂದ ಶುರು. ಸೈಟಿನ ಬುಡದಿಂದ, ಅಂದರೆ ರೂಟ್‌ನಿಂದ ಎಣಿಸುವ ದಾರಿ.
- ಚಿತ್ರ/ಗೂಡು.ಜೆಪಿಜಿ ಅಥವಾ ../ಚಿತ್ರ/ಗೂಡು.ಜೆಪಿಜಿ: ಈಗ ತೆರೆದಿರುವ ಪುಟದಿಂದ ಎಣಿಸುವ ದಾರಿ.

ಕೊನೆಯ ಎರಡನ್ನು ಇಲ್ಲಿಂದ ಮುಂದೆ ‘ರೂಟ್ ದಾರಿ’ ಮತ್ತು ‘ಪುಟದ ದಾರಿ’ ಎಂದು ಕರೆಯೋಣ. ರಿಲೇಟಿವ್ ಎಂಬ ಹೆಸರು ಎರಡಕ್ಕೂ ಸಲ್ಲುತ್ತದೆ. ಆದರೆ ಅವು ನಡೆದುಕೊಳ್ಳುವ ರೀತಿಯೇ ಬೇರೆ. ಗೊಂದಲ ಹುಟ್ಟುವುದು ಎರಡನ್ನೂ ಒಂದೇ ಎಂದುಕೊಂಡಾಗ.

ಬರೆದ ಅರ್ಧ ದಾರಿಯಿಂದ ಬ್ರೌಸರ್ ಪೂರ್ಣ ವಿಳಾಸ ಕಟ್ಟುವುದು ಹೇಗೆ?

ನಿಮ್ಮ ಸರ್ವರ್‌ನಲ್ಲಿ ಯಾವ ಫೋಲ್ಡರ್ ಎಲ್ಲಿದೆ ಎಂಬುದು ಬ್ರೌಸರ್‌ಗೆ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಬ್ರೌಸರ್ ಕಿಟಕಿಯ ಮೇಲ್ಭಾಗದ ಅಡ್ರೆಸ್ ಬಾರ್‌ನಲ್ಲಿ ಕಾಣುವ ಪುಟದ ವಿಳಾಸವಷ್ಟೆ. ಈ ಪುಟದಲ್ಲಿ ಬರುವ ಹೆಚ್ಚಿನ ಉತ್ತರಗಳ ಬೇರು ಇದೇ ಒಂದು ಸಂಗತಿ.

ಲೆಕ್ಕ ಹೀಗಿದೆ. ಮೊದಲು ಪುಟದ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಮತ್ತು # ಚಿಹ್ನೆಯ ನಂತರದ್ದನ್ನು ಬಿಟ್ಟುಬಿಡುತ್ತದೆ. ಆಮೇಲೆ ಕೊನೆಯ ಸ್ಲ್ಯಾಶ್‌ನ ತನಕ ಉಳಿಸಿಕೊಂಡು, ಅದರ ಬಲಕ್ಕಿರುವುದನ್ನು ಕತ್ತರಿಸುತ್ತದೆ. ಉಳಿದ ತುಂಡಿಗೆ ನೀವು ಬರೆದ ದಾರಿಯನ್ನು ಅಂಟಿಸುತ್ತದೆ. ಒಂದೊಂದು ../ ಸಿಕ್ಕಾಗಲೂ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. ದಾರಿ ಸ್ಲ್ಯಾಶ್‌ನಿಂದಲೇ ಶುರುವಾಗಿದ್ದರೆ ಪುಟದ ವಿಳಾಸದಿಂದ ಡೊಮೇನ್ ಹೆಸರಿನವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ. ಇಂಟರ್ನೆಟ್ ವಿಳಾಸಗಳ ಮಾನದಂಡವಾದ 2005ರ ಆರ್‌ಎಫ್‌ಸಿ 3986ರಲ್ಲಿ ಈ ನಿಯಮ ಲಿಖಿತವಾಗಿದೆ, ಆದ್ದರಿಂದ ಬ್ರೌಸರ್ ಬದಲಾದರೂ ಉತ್ತರ ಬದಲಾಗುವುದಿಲ್ಲ.

ಪುಟದ ವಿಳಾಸ /ಲೇಖನ/ಜೇನು.ಎಚ್‌ಟಿಎಮ್‌ಎಲ್ ಎಂದಿಟ್ಟುಕೊಳ್ಳಿ. ಅದರಲ್ಲಿ ಬರೆದ ‘ಗೂಡು.ಜೆಪಿಜಿ’ ಸಿಗುವುದು /ಲೇಖನ/ಗೂಡು.ಜೆಪಿಜಿಯಲ್ಲಿ. ‘../ಚಿತ್ರ/ಗೂಡು.ಜೆಪಿಜಿ’ ಎಂದರೆ /ಚಿತ್ರ/ಗೂಡು.ಜೆಪಿಜಿ. ‘./ಗೂಡು.ಜೆಪಿಜಿ’ಯಲ್ಲಿನ ./ಗೆ ‘ಇಲ್ಲಿಯೇ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ, ಇದ್ದರೂ ಇಲ್ಲದಿದ್ದರೂ ಒಂದೇ.

ಪುಟದ ವಿಳಾಸದ ಕೊನೆಯಲ್ಲಿ ಸ್ಲ್ಯಾಶ್ ಇದ್ದರೆ, ಇಲ್ಲದಿದ್ದರೆ ವ್ಯತ್ಯಾಸವಿದೆಯೇ?

ಬಹಳ ಇದೆ, ಮತ್ತು ಇದನ್ನು ಕಡೆಗಣಿಸುವವರೇ ಜಾಸ್ತಿ. /ಲೇಖನ/ಜೇನು ಮತ್ತು /ಲೇಖನ/ಜೇನು/ ಎಂಬ ಎರಡು ವಿಳಾಸಗಳಲ್ಲೂ ಸರ್ವರ್ ಒಂದೇ ಪುಟವನ್ನು ತೋರಿಸಬಹುದು. ಮೊದಲನೆಯದರಲ್ಲಿ ‘ಜೇನು’ ಎಂಬುದು ಕೊನೆಯ ಸ್ಲ್ಯಾಶ್‌ನ ಬಲಕ್ಕಿದೆ, ಕತ್ತರಿಸಿ ಹೋಗುತ್ತದೆ, ‘ಗೂಡು.ಜೆಪಿಜಿ’ಯನ್ನು ಬ್ರೌಸರ್ /ಲೇಖನ/ಗೂಡು.ಜೆಪಿಜಿಯಲ್ಲಿ ಹುಡುಕುತ್ತದೆ. ಎರಡನೆಯದರಲ್ಲಿ ‘ಜೇನು’ ಉಳಿಯುತ್ತದೆ, ಹುಡುಕಾಟ /ಲೇಖನ/ಜೇನು/ಗೂಡು.ಜೆಪಿಜಿಯಲ್ಲಿ.

‘ಒಬ್ಬ ಓದುಗರಿಗೆ ಚಿತ್ರ ಕಾಣುತ್ತದೆ, ಇನ್ನೊಬ್ಬರಿಗೆ ಇಲ್ಲ’ ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ಇದನ್ನೇ. ಇಬ್ಬರೂ ಬೇರೆ ಬೇರೆ ಕಡೆಯ ಲಿಂಕ್ ಒತ್ತಿ ಬಂದಿರುತ್ತಾರೆ, ಒಂದರಲ್ಲಿ ಸ್ಲ್ಯಾಶ್ ಇರುತ್ತದೆ. ಪರಿಹಾರ: ಎರಡರಲ್ಲಿ ಒಂದನ್ನು ಆರಿಸಿಕೊಂಡು, ಇನ್ನೊಂದಕ್ಕೆ ಬಂದವರನ್ನು 301 ರೀಡೈರೆಕ್ಟ್ (ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂಬ ಸರ್ವರ್ ಸೂಚನೆ) ಮೂಲಕ ಅದಕ್ಕೆ ಕಳುಹಿಸಿ.

../ ಎಷ್ಟು ಹಾಕಬೇಕು? ಜಾಸ್ತಿಯಾದರೆ ಏನಾಗುತ್ತದೆ?

ಪುಟದ ವಿಳಾಸದಲ್ಲಿ ಡೊಮೇನ್ ಆದ ಮೇಲೆ ಎಷ್ಟು ಸ್ಲ್ಯಾಶ್ ಇವೆ ಎಂದು ಎಣಿಸಿ, ಒಂದು ಕಳೆಯಿರಿ. ರೂಟ್‌ವರೆಗೆ ಹೋಗಲು ಅಷ್ಟು ../ ಸಾಕು. /ಲೇಖನ/ಜೇನು/ ಎಂಬಲ್ಲಿ ಮೂರು ಸ್ಲ್ಯಾಶ್ ಇವೆ, ಹಾಗಾಗಿ ../../ಚಿತ್ರ/ಗೂಡು.ಜೆಪಿಜಿ.

ಜಾಸ್ತಿ ಹಾಕಿದರೆ ದೋಷವೇನೂ ಬರುವುದಿಲ್ಲ. ರೂಟ್‌ನ ಮೇಲೆ ಹೋಗಲು ಜಾಗವಿಲ್ಲದ ಕಾರಣ ಹೆಚ್ಚುವರಿ ../ಗಳನ್ನು ಬ್ರೌಸರ್ ಬದಿಗಿಡುತ್ತದೆ. ಇದನ್ನೇ ನಂಬಿ ಎಲ್ಲ ಕಡೆ ಐದಾರು ../ ಹಾಕುವುದು ಮಾತ್ರ ಬೇಡ. ಸೈಟು ನಾಳೆ ಯಾವುದೋ ಉಪಫೋಲ್ಡರ್ ಒಳಗೆ ಹೋದರೆ ಅವು ಆ ಫೋಲ್ಡರನ್ನೂ ದಾಟಿ ಡೊಮೇನಿನ ಬುಡಕ್ಕೆ ಹೋಗುತ್ತವೆ. ಮೂರಕ್ಕಿಂತ ಹೆಚ್ಚು ../ ಬರೆಯಬೇಕಾಗಿ ಬಂದರೆ ಅಲ್ಲಿ ರೂಟ್ ದಾರಿಯೇ ಸರಿ ಎಂದು ತಿಳಿಯಿರಿ.

ಹಾಗಾದರೆ ಯಾವುದನ್ನು ಬಳಸಬೇಕು?

ಸ್ವಂತ ಡೊಮೇನಿನ ಸೈಟಿಗೆ ನಮ್ಮ ಸಲಹೆ ರೂಟ್ ದಾರಿ. ಪುಟ ಎಷ್ಟೇ ಆಳದಲ್ಲಿರಲಿ, ಎಲ್ಲಿಗೇ ಸರಿಯಲಿ, /ಚಿತ್ರ/ಗೂಡು.ಜೆಪಿಜಿ ಒಂದೇ ಕಡೆ ಹೋಗುತ್ತದೆ. ಡೊಮೇನ್ ಬದಲಾದರೂ ಲೇಖನಗಳನ್ನು ತಿದ್ದಬೇಕಿಲ್ಲ. ಪ್ರಯೋಗದ ಸರ್ವರ್‌ನಲ್ಲಿಟ್ಟು ನೋಡುವಾಗ ಅಲ್ಲಿನ ಚಿತ್ರಗಳೇ ಕಾಣುತ್ತವೆ. ಪೂರ್ಣ ವಿಳಾಸ ಬರೆದಿದ್ದರೆ ಪ್ರಯೋಗದ ಪುಟದಲ್ಲೂ ಅಸಲಿ ಸೈಟಿನ ಚಿತ್ರಗಳು ಬಂದು, ತಪ್ಪಿರುವುದೇ ಗೊತ್ತಾಗುವುದಿಲ್ಲ.

ಹೆಡರ್, ಫೂಟರ್, ಮೆನುವಿನಂಥ ಎಲ್ಲ ಪುಟಕ್ಕೂ ಒಂದೇ ಆದ ತುಣುಕುಗಳಲ್ಲಿ ಪುಟದ ದಾರಿಯನ್ನು ಬಳಸಲೇಬಾರದು. ಮುಖಪುಟದಲ್ಲಿ ಲೋಗೋ ಕಂಡು ಒಳಪುಟಗಳಲ್ಲಿ ಮಾಯವಾಗುವುದಕ್ಕೆ ಕಾರಣ ಹೆಚ್ಚಾಗಿ ಇದೇ. 404, ಅಂದರೆ ‘ಕೇಳಿದ್ದು ಸಿಗಲಿಲ್ಲ’ ಎಂಬ ದೋಷಪುಟಕ್ಕಂತೂ ಇದು ಇನ್ನೂ ಮುಖ್ಯ: ಓದುಗ /ಎ/ಬಿ/ಸಿ/ಡಿ ಎಂದು ಇಲ್ಲದ ವಿಳಾಸ ಹೊಡೆದರೂ ಅದೇ ಪುಟ ಆ ವಿಳಾಸದಲ್ಲೇ ಕಾಣಿಸಿಕೊಳ್ಳುತ್ತದೆ, ಆಳ ಎಷ್ಟೆಂದು ಮುಂಚಿತವಾಗಿ ಹೇಳಲು ಬರುವುದಿಲ್ಲ.

ಪುಟದ ದಾರಿ ಸರಿಹೊಂದುವುದು ಪುಟ ಮತ್ತು ಚಿತ್ರ ಎರಡೂ ಒಟ್ಟಿಗೇ ಪ್ರಯಾಣ ಮಾಡುವಾಗ. ಜಿಪ್ ಮಾಡಿ ಕೊಡುವ ಕೈಪಿಡಿ, ಪೆನ್‌ಡ್ರೈವ್‌ನಿಂದ ತೆರೆಯುವ ಪಾಠಗಳು, ಒಂದೊಂದು ಲೇಖನಕ್ಕೂ ಒಂದೊಂದು ಫೋಲ್ಡರ್ ಮಾಡಿ ಚಿತ್ರಗಳನ್ನು ಅಲ್ಲೇ ಇಡುವ ಪದ್ಧತಿ, ಇವುಗಳಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ.

ಪೂರ್ಣ ವಿಳಾಸ ಬೇಕಾಗುವುದು ನಿಮ್ಮ ಬರಹ ಸೈಟು ಬಿಟ್ಟು ಹೊರಗೆ ಹೋಗುವ ಕಡೆ. ಅದಕ್ಕೆ ಕೆಳಗೆ ಬೇರೆಯೇ ಪ್ರಶ್ನೆ ಇದೆ.

ಲೇಖನದ ಪುಟದಲ್ಲಿ ಚಿತ್ರ ಸರಿಯಿದೆ, ಮುಖಪುಟದಲ್ಲಿ ಮಾತ್ರ ಮುರಿದಿದೆ. ಯಾಕೆ?

ಬ್ಲಾಗುಗಳಲ್ಲಿ ಒಂದೇ ಬರಹ ಹಲವು ವಿಳಾಸಗಳಲ್ಲಿ ಕಾಣಿಸಿಕೊಳ್ಳುತ್ತದೆ: ಲೇಖನದ ಸ್ವಂತ ಪುಟ, ಮುಖಪುಟ, ವಿಭಾಗದ ಪುಟ, ಟ್ಯಾಗ್ ಪುಟ, ಹಳೆಯ ಬರಹಗಳ /ಪುಟ/2/, ಹೀಗೆ. ಬರಹದೊಳಗೆ ‘ಗೂಡು.ಜೆಪಿಜಿ’ ಎಂದಷ್ಟೇ ಇದ್ದರೆ ಅದು ಈ ಒಂದೊಂದು ಕಡೆಯೂ ಒಂದೊಂದು ವಿಳಾಸವಾಗಿ ಬದಲಾಗುತ್ತದೆ. ಸರಿಹೋಗುವುದು ಒಂದರಲ್ಲಿ ಮಾತ್ರ. ಬರಹದ ಒಳಗಿನ ಚಿತ್ರಗಳಿಗೆ ರೂಟ್ ದಾರಿ ಹಾಕಿ. ಇಲ್ಲವೇ ಮುಖಪುಟದಲ್ಲಿ ಚಿತ್ರವಿಲ್ಲದ ಸಾರಾಂಶ ಮಾತ್ರ ತೋರಿಸಿ. ಮೊದಲನೆಯದೇ ಗಟ್ಟಿ ಪರಿಹಾರ.

ನನ್ನ ಕಂಪ್ಯೂಟರಿನಲ್ಲಿ ಎಲ್ಲ ಚಿತ್ರ ಕಾಣುತ್ತವೆ, ಅಪ್‌ಲೋಡ್ ಮಾಡಿದರೆ ಕೆಲವು 404. ದಾರಿಯಂತೂ ಸರಿಯೇ ಇದೆ!

ದೊಡ್ಡಕ್ಷರ ಸಣ್ಣಕ್ಷರ ನೋಡಿ. ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಎಣಿಕೆಗಿಲ್ಲ. ಲಿನಕ್ಸ್ ಸರ್ವರ್‌ನಲ್ಲಿ ಇದೆ, ಮತ್ತು ಹೋಸ್ಟಿಂಗ್ ಬಹುಪಾಲು ನಡೆಯುವುದು ಲಿನಕ್ಸ್ ಮೇಲೆ. ಕ್ಯಾಮೆರಾದಿಂದ ಬರುವ ಫೈಲ್‌ಗಳಿಗೆ ಜೆಪಿಜಿ ಎಂಬ ಬಾಲ ಎಷ್ಟೋ ಸಲ ದೊಡ್ಡಕ್ಷರದಲ್ಲಿರುತ್ತದೆ. ನೀವು ಲಿಂಕ್‌ನಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತೀರಿ. ಮನೆಯ ಯಂತ್ರ ಎರಡೂ ಒಂದೇ ಎನ್ನುತ್ತದೆ, ಸರ್ವರ್ ಒಪ್ಪುವುದಿಲ್ಲ. ಫೋಲ್ಡರ್ ಹೆಸರಿಗೂ ಇದೇ ಮಾತು.

ಬಾಲದ ಬಗ್ಗೆ ಇನ್ನೆರಡು ತಪಾಸಣೆ. ಫೈಲಿನ ಬಾಲ ‘ಜೆಪಿಇಜಿ’ ಎಂದು ನಾಲ್ಕಕ್ಷರದ್ದಾಗಿದ್ದು, ಲಿಂಕ್‌ನಲ್ಲಿ ಮೂರಕ್ಷರದ ‘ಜೆಪಿಜಿ’ ಎಂದಿರಬಹುದು. ವಿಂಡೋಸ್ ಬಾಲಗಳನ್ನು ಬಚ್ಚಿಟ್ಟು ತೋರಿಸುವುದರಿಂದ, ಹೆಸರು ಬದಲಿಸುವಾಗ ನೀವೂ ಒಂದು ಬಾಲ ಸೇರಿಸಿ ಅದು ‘ಗೂಡು.ಜೆಪಿಜಿ.ಜೆಪಿಜಿ’ ಆಗಿರಬಹುದು. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆಯ್ಕೆಯನ್ನು ಆನ್ ಮಾಡಿಟ್ಟುಕೊಳ್ಳಿ.

ಗಿಟ್ ಬಳಸುವವರಿಗೆ ಇನ್ನೊಂದು ಬಲೆ ಇದೆ. ವಿಂಡೋಸ್ ಅಥವಾ ಮ್ಯಾಕ್‌ನಲ್ಲಿ ಹೆಸರಿನ ಅಕ್ಷರಗಳನ್ನು ದೊಡ್ಡದರಿಂದ ಸಣ್ಣಕ್ಕೆ ಬದಲಿಸಿದರೆ, ಗಿಟ್ ಅದನ್ನು ಬದಲಾವಣೆ ಎಂದೇ ಗುರುತಿಸದೆ ಇರಬಹುದು. ನೀವು ಸರಿಪಡಿಸಿದ್ದೀರಿ, ಪುಶ್ ಮಾಡಿದ್ದೀರಿ, ಸರ್ವರ್‌ನಲ್ಲಿ ಹಳೆಯ ಹೆಸರೇ ಇದೆ. ‘ಗಿಟ್ ಎಮ್‌ವಿ’ ಆಜ್ಞೆಯಿಂದ ಎರಡು ಹೆಜ್ಜೆಯಲ್ಲಿ ಮಾಡಿ: ಮೊದಲು ಪೂರ್ತಿ ಬೇರೆ ಹೆಸರಿಗೆ, ಅಲ್ಲಿಂದ ಬೇಕಾದ ಹೆಸರಿಗೆ, ಆಮೇಲೆ ಕಮಿಟ್.

ವಿಂಡೋಸ್‌ನ ಹಿಂಬದಿ ಸ್ಲ್ಯಾಶ್ ಕೂಡ ಮೋಸ ಮಾಡುತ್ತದೆ. ‘ಚಿತ್ರ\ಗೂಡು.ಜೆಪಿಜಿ’ ಎಂದು ಬರೆದರೂ ಬ್ರೌಸರ್‌ಗಳು ಅದನ್ನು ಸದ್ದಿಲ್ಲದೆ ಮುಂಬದಿ ಸ್ಲ್ಯಾಶ್ ಆಗಿ ಓದಿಕೊಳ್ಳುತ್ತವೆ. ಆದರೆ ಫೀಡ್ ರೀಡರ್ (ಸೈಟುಗಳ ಹೊಸ ಬರಹಗಳನ್ನು ಒಂದೆಡೆ ತಂದು ಓದಿಸುವ ತಂತ್ರಾಂಶ), ಸೈಟ್ ಕಟ್ಟುವ ಉಪಕರಣ, ಇಮೇಲ್ ತಂತ್ರಾಂಶಗಳು ಹಾಗೆ ಮಾಡಬೇಕೆಂದಿಲ್ಲ. ಯಾವಾಗಲೂ ಮುಂಬದಿ ಸ್ಲ್ಯಾಶನ್ನೇ ಬರೆಯಿರಿ.

404ರ ಬದಲು 403 ಬಂದರೆ ದಾರಿಯ ತಪ್ಪಲ್ಲ. ಫೈಲ್ ಸಿಕ್ಕಿದೆ, ಓದುವ ಅನುಮತಿ ಇಲ್ಲ. ಸಾಮಾನ್ಯ ಹೋಸ್ಟಿಂಗ್‌ನಲ್ಲಿ ಅನುಮತಿಯ ಸಂಖ್ಯೆ ಚಿತ್ರಗಳಿಗೆ 644, ಫೋಲ್ಡರ್‌ಗಳಿಗೆ 755 ಇರಬೇಕು.

ಎಚ್‌ಟಿಎಮ್‌ಎಲ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ರೂಟ್ ದಾರಿಯ ಚಿತ್ರ ಒಂದೂ ಕಾಣುವುದಿಲ್ಲ

ಹಾಗೆ ತೆರೆದಾಗ ಸರ್ವರ್ ಇಲ್ಲ, ವಿಳಾಸ ‘ಫೈಲ್:///’ ಎಂದು ಶುರುವಾಗುತ್ತದೆ. ಆಗ ‘/’ ಎಂದರೆ ಸೈಟಿನ ಬುಡವಲ್ಲ, ನಿಮ್ಮ ಡಿಸ್ಕಿನ ಬುಡ. ಅದಕ್ಕೆಂದು ಎಲ್ಲ ದಾರಿಗಳನ್ನು ../ಗೆ ಬದಲಿಸಬೇಡಿ, ಸಣ್ಣ ಸರ್ವರ್ ಒಂದನ್ನು ಓಡಿಸಿ. ಪೈಥಾನ್ 3 ಇದ್ದರೆ ಅದರ ‘ಎಚ್‌ಟಿಟಿಪಿ.ಸರ್ವರ್’ ಮಾಡ್ಯೂಲನ್ನು ಸೈಟಿನ ಬುಡದ ಫೋಲ್ಡರ್‌ನಲ್ಲಿ ನಿಂತು ಚಲಾಯಿಸಿ, ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:8000 ತೆರೆಯಿರಿ. ಯಾವ ಫೋಲ್ಡರ್‌ನಲ್ಲಿ ನಿಂತು ಚಲಾಯಿಸುತ್ತೀರೋ ಅದೇ ‘/’ ಆಗುತ್ತದೆ. ತಪ್ಪು ಫೋಲ್ಡರ್‌ನಲ್ಲಿ ನಿಂತರೆ ಇಲ್ಲೂ 404 ಖಚಿತ. ವಿಎಸ್ ಕೋಡ್ ಬಳಸುವವರಿಗೆ ಲೈವ್ ಸರ್ವರ್ ಎಕ್ಸ್‌ಟೆನ್ಶನ್ ಇದೇ ಕೆಲಸ ಮಾಡಿಕೊಡುತ್ತದೆ.

ಗಿಟ್‌ಹಬ್ ಪೇಜಸ್‌ನಲ್ಲಿ ಹಾಕಿದೆ. ರೂಟ್ ದಾರಿಗಳೆಲ್ಲ ಕೆಟ್ಟವು. ಏನು ಮಾಡಲಿ?

ಪ್ರಾಜೆಕ್ಟ್ ಸೈಟ್ ಆಗಿದ್ದರೆ ಅದು ಡೊಮೇನಿನ ಬುಡದಲ್ಲಿಲ್ಲ, ರೆಪೊಸಿಟರಿಯ ಹೆಸರಿನ ಕೆಳಗಿದೆ. ನಿಮ್ಮ ಚಿತ್ರ ಇರುವುದು /ರೆಪೊ/ಚಿತ್ರ/ಗೂಡು.ಜೆಪಿಜಿಯಲ್ಲಿ, ಬರೆದಿರುವುದು /ಚಿತ್ರ/ಗೂಡು.ಜೆಪಿಜಿ. ಉಪಫೋಲ್ಡರ್‌ನಲ್ಲಿ ನಡೆಯುವ ಯಾವ ಸೈಟಿಗೂ ಇದೇ ಸಮಸ್ಯೆ.

/ರೆಪೊ ಎಂಬ ಮುಂಭಾಗವನ್ನು ಕೈಯಾರೆ ಪ್ರತಿ ಚಿತ್ರಕ್ಕೂ ಸೇರಿಸಬೇಡಿ. ನಾಳೆ ಸ್ವಂತ ಡೊಮೇನ್ ಜೋಡಿಸಿದರೆ ಅವನ್ನೆಲ್ಲ ತೆಗೆಯಬೇಕಾಗುತ್ತದೆ. ಸೈಟ್ ಕಟ್ಟುವ ಉಪಕರಣಕ್ಕೆ ಆ ಕೆಲಸ ಒಪ್ಪಿಸಿ. ಜೆಕಿಲ್‌ನಲ್ಲಿ ಸಂರಚನಾ ಫೈಲ್‌ನ ‘ಬೇಸ್‌ಯುಆರ್‌ಎಲ್’ಗೆ /ರೆಪೊ ಎಂದು ಕೊಟ್ಟು, ದಾರಿಗಳನ್ನು ‘ರಿಲೇಟಿವ್_ಯುಆರ್‌ಎಲ್’ ಫಿಲ್ಟರ್ ಮೂಲಕ ಹಾಯಿಸಿ. ಹ್ಯೂಗೋದಲ್ಲಿ ‘ರೆಲ್‌ಯುಆರ್‌ಎಲ್’ ಇದೆ, ಆದರೆ ಅದಕ್ಕೆ ಕೊಡುವ ದಾರಿ ಸ್ಲ್ಯಾಶ್‌ನಿಂದ ಶುರುವಾಗಬಾರದು; ಶುರುವಾದರೆ ಉಪಫೋಲ್ಡರ್‌ನ ಹೆಸರು ಸೇರುವುದೇ ಇಲ್ಲ. ವೀಟ್ ಬಳಸುವವರು ‘ಬೇಸ್’ ಆಯ್ಕೆಯನ್ನು ತುಂಬಬೇಕು.

ತುಂಡುಗಳನ್ನು ಜೋಡಿಸುವಾಗ ಒಂದು ತಪ್ಪು ಕಣ್ಣಿಗೇ ಬೀಳುವುದಿಲ್ಲ. ಮುಂಭಾಗ ‘/’, ದಾರಿ ‘/ಚಿತ್ರ/ಗೂಡು.ಜೆಪಿಜಿ’, ಎರಡನ್ನೂ ಅಂಟಿಸಿದರೆ ‘//ಚಿತ್ರ/ಗೂಡು.ಜೆಪಿಜಿ’. ಎರಡು ಸ್ಲ್ಯಾಶ್ ಕಂಡ ಕೂಡಲೇ ಬ್ರೌಸರ್ ‘ಚಿತ್ರ’ ಎಂಬುದು ಸೈಟಿನ ಹೆಸರು ಎಂದುಕೊಂಡು, ಇಲ್ಲದ ಆ ಸೈಟನ್ನು ಹುಡುಕಲು ಹೋಗುತ್ತದೆ. ಆಗ 404 ಬರುವುದಿಲ್ಲ, ಸೈಟಿನ ಹೆಸರೇ ಸಿಗಲಿಲ್ಲ ಎಂಬ ದೋಷ ಬರುತ್ತದೆ. ಆ ದೋಷ ಕಂಡರೆ ನೇರವಾಗಿ ಸ್ಲ್ಯಾಶ್‌ಗಳನ್ನು ಎಣಿಸಿ.

ಮಾರ್ಕ್‌ಡೌನ್ ಎಡಿಟರ್‌ನಲ್ಲಿ ಚಿತ್ರ ಕಾಣುತ್ತದೆ, ಸೈಟಿನಲ್ಲಿ ಇಲ್ಲ

ಎಡಿಟರ್ ದಾರಿಯನ್ನು ಮಾರ್ಕ್‌ಡೌನ್ ಫೈಲ್ ಇರುವ ಜಾಗದಿಂದ ಎಣಿಸುತ್ತದೆ, ಬ್ರೌಸರ್ ಸಿದ್ಧವಾದ ಪುಟದ ವಿಳಾಸದಿಂದ. ‘ಲೇಖನ’ ಫೋಲ್ಡರಿನ ಜೇನು.ಎಮ್‌ಡಿ ಫೈಲನ್ನು ಹ್ಯೂಗೋ /ಲೇಖನ/ಜೇನು/ ಎಂಬ ವಿಳಾಸವಾಗಿ ಮಾಡುತ್ತದೆ, ಅಂದರೆ ಒಂದು ಮೆಟ್ಟಿಲು ಆಳಕ್ಕೆ. ಎಡಿಟರ್‌ನಲ್ಲಿ ಸರಿಯಿದ್ದ ../ಗಳ ಲೆಕ್ಕ ಅಲ್ಲಿಗೆ ಒಂದು ಕಡಿಮೆಯಾಗುತ್ತದೆ. ಹ್ಯೂಗೋದಲ್ಲಿ ಇದಕ್ಕೆ ನೇರವಾದ ಉಪಾಯವಿದೆ: ಲೇಖನಕ್ಕೆ ‘ಜೇನು’ ಎಂಬ ಫೋಲ್ಡರ್ ಮಾಡಿ, ಬರಹವನ್ನು ಅದರೊಳಗೆ ಇಂಡೆಕ್ಸ್.ಎಮ್‌ಡಿ ಎಂದಿಟ್ಟು, ಚಿತ್ರವನ್ನು ಅದರ ಪಕ್ಕದಲ್ಲೇ ಇಡಿ. ಆಗ ‘ಗೂಡು.ಜೆಪಿಜಿ’ ಎಂದರೆ ಎಡಿಟರ್‌ಗೂ ಬ್ರೌಸರ್‌ಗೂ ಒಂದೇ ಜಾಗ.

ಬೇಸ್ ಟ್ಯಾಗ್ ಹಾಕಿದರೆ ಎಲ್ಲ ಸರಿಹೋಗುತ್ತದಂತೆ, ಹೌದೇ?

ಪುಟದ ಹೆಡ್ ಭಾಗದಲ್ಲಿ ಬೇಸ್ ಟ್ಯಾಗ್ ಹಾಕಿದರೆ ದಾರಿಗಳೆಲ್ಲ ಪುಟದ ವಿಳಾಸದ ಬದಲು ಅದರಲ್ಲಿರುವ ವಿಳಾಸದಿಂದ ಎಣಿಕೆಯಾಗುತ್ತವೆ. ಚಿತ್ರಗಳ ಮಟ್ಟಿಗೆ ಕೆಲಸ ಆಗುತ್ತದೆ. ಜೊತೆಗೆ ಪುಟದ ಉಳಿದ ಲಿಂಕ್‌ಗಳು, ಫಾರ್ಮ್‌ಗಳು, ಎಲ್ಲವೂ ಅದಕ್ಕೇ ಬೀಳುತ್ತವೆ. ಮುಖ್ಯವಾಗಿ ‘#ಟಿಪ್ಪಣಿ’ಯಂಥ ಪುಟದೊಳಗಿನ ಲಿಂಕ್‌ಗಳು ಅದೇ ಪುಟದಲ್ಲಿ ಕೆಳಗಿಳಿಯುವ ಬದಲು ಬೇಸ್ ವಿಳಾಸಕ್ಕೆ ಹಾರುತ್ತವೆ. ವಿಷಯಸೂಚಿ ಇರುವ ಬ್ಲಾಗಿನಲ್ಲಿ ಇದು ದೊಡ್ಡ ಉಪದ್ರವ. ಚಿತ್ರಕ್ಕೋಸ್ಕರ ಬೇಸ್ ಟ್ಯಾಗ್ ಹಾಕುವುದನ್ನು ನಾವು ಯಾರಿಗೂ ಹೇಳುವುದಿಲ್ಲ. ಬೇರೆ ಯಾರೋ ಮಾಡಿಕೊಟ್ಟ ಥೀಮ್‌ನಲ್ಲಿ ಆ ಟ್ಯಾಗ್ ಈಗಾಗಲೇ ಇದ್ದರೆ ನಿಮ್ಮ ಲೆಕ್ಕಾಚಾರವೆಲ್ಲ ತಪ್ಪುತ್ತದೆ. ದಾರಿ ಏನು ಮಾಡಿದರೂ ಕೂಡಿಬರದಿದ್ದರೆ ಪುಟದ ಸೋರ್ಸ್ ತೆರೆದು ಅದನ್ನು ಹುಡುಕಿ. ಒಂದಕ್ಕಿಂತ ಹೆಚ್ಚು ಇದ್ದರೆ ವಿಳಾಸವಿರುವ ಮೊದಲನೆಯದೇ ಲೆಕ್ಕಕ್ಕೆ.

ಸಿಎಸ್‌ಎಸ್‌ನಲ್ಲಿ ಹಿನ್ನೆಲೆ ಚಿತ್ರಕ್ಕೆ ದಾರಿ ಎಲ್ಲಿಂದ ಎಣಿಸಬೇಕು?

ಸಿಎಸ್‌ಎಸ್ ಫೈಲಿನಿಂದ. ಪುಟದಿಂದಲ್ಲ. /ಶೈಲಿ/ಮುಖ್ಯ.ಸಿಎಸ್‌ಎಸ್ ಒಳಗೆ ‘ಚಿತ್ರ/ಹಿನ್ನೆಲೆ.ಪಿಎನ್‌ಜಿ’ ಎಂದು ಬರೆದರೆ ಹುಡುಕುವುದು /ಶೈಲಿ/ಚಿತ್ರ/ಹಿನ್ನೆಲೆ.ಪಿಎನ್‌ಜಿಯಲ್ಲಿ. ಪುಟದೊಳಗೇ ಸ್ಟೈಲ್ ಟ್ಯಾಗ್‌ನಲ್ಲಿ ಅಥವಾ ಸ್ಟೈಲ್ ಗುಣದಲ್ಲಿ ಬರೆದರೆ ಮಾತ್ರ ಪುಟದ ವಿಳಾಸ ಆಧಾರ. ವೇಗಕ್ಕೆಂದು ಹಲವು ಸಿಎಸ್‌ಎಸ್‌ಗಳನ್ನು ಒಂದುಗೂಡಿಸಿ ಬೇರೆ ಫೋಲ್ಡರ್‌ಗೆ ಹಾಕುವ ಅಥವಾ ಪುಟದೊಳಗೇ ತುಂಬುವ ಪ್ಲಗಿನ್‌ಗಳನ್ನು ಆನ್ ಮಾಡಿದ ದಿನವೇ ಹಿನ್ನೆಲೆ ಚಿತ್ರಗಳು ಹೋಗುವುದು ಇದೇ ಕಾರಣಕ್ಕೆ. ಒಳ್ಳೆಯ ಉಪಕರಣಗಳು ದಾರಿಗಳನ್ನೂ ತಿದ್ದುತ್ತವೆ, ಎಲ್ಲವೂ ಅಲ್ಲ.

ಜಾವಾಸ್ಕ್ರಿಪ್ಟ್‌ನಿಂದ ಚಿತ್ರ ಸೇರಿಸುವಾಗ?

ಇಲ್ಲಿ ತಿರುಗುಮುರುಗು. ಸ್ಕ್ರಿಪ್ಟ್ ಫೈಲ್ ಎಲ್ಲೇ ಇರಲಿ, ಅದು ಎಸ್‌ಆರ್‌ಸಿಗೆ ಕೊಡುವ ದಾರಿ ಎಣಿಕೆಯಾಗುವುದು ಪುಟದಿಂದ. ಮಾಡ್ಯೂಲ್ ಆಗಿದ್ದರೆ ‘ಇಂಪೋರ್ಟ್.ಮೆಟಾ.ಯುಆರ್‌ಎಲ್’ ಆಧಾರವಾಗಿಟ್ಟು ಪೂರ್ಣ ವಿಳಾಸ ಕಟ್ಟಿಕೊಳ್ಳಬಹುದು.

ಒಂದೇ ಪುಟದ ಆ್ಯಪ್‌ಗಳಲ್ಲಿ, ಅಂದರೆ ರಿಯಾಕ್ಟ್, ವ್ಯೂ ಮಾದರಿಯವುಗಳಲ್ಲಿ, ಒಳಗೊಳಗೇ ಪುಟ ಬದಲಾದಾಗ ವಿಳಾಸವೂ ಬದಲಾಗುತ್ತದೆ, ಅದರೊಂದಿಗೆ ಪುಟದ ದಾರಿಯ ಅರ್ಥವೂ ಬದಲಾಗುತ್ತದೆ. ಇನ್ನೂ ಕಠಿಣವಾದದ್ದು: ಇಂಥ ಸೈಟುಗಳ ಸರ್ವರ್, ಸಿಗದ ಯಾವುದೇ ವಿಳಾಸಕ್ಕೆ ಮುಖ್ಯ ಎಚ್‌ಟಿಎಮ್‌ಎಲ್ ಫೈಲನ್ನೇ 200, ಅಂದರೆ ‘ಸರಿಯಾಗಿ ಸಿಕ್ಕಿತು’, ಎಂದು ಕೊಡುವಂತೆ ಹೊಂದಿಸಿರುತ್ತಾರೆ. ತಪ್ಪು ದಾರಿಯ ಚಿತ್ರಕ್ಕೂ 200 ಬರುತ್ತದೆ, ಆದರೆ ಬಂದದ್ದು ಚಿತ್ರವಲ್ಲ, ಎಚ್‌ಟಿಎಮ್‌ಎಲ್! 200 ನೋಡಿ ದಾರಿ ಸರಿ ಎಂದು ತೀರ್ಮಾನಿಸಬೇಡಿ, ಬಂದದ್ದು ಯಾವ ಬಗೆಯ ಫೈಲ್ ಎಂದು ಹೇಳುವ ಕಂಟೆಂಟ್-ಟೈಪ್ ಏನಿದೆ ನೋಡಿ.

ಯಾವ ಜಾಗಗಳಲ್ಲಿ ರಿಲೇಟಿವ್ ಲಿಂಕ್ ನಡೆಯುವುದೇ ಇಲ್ಲ?

ಇಮೇಲ್ ಸುದ್ದಿಪತ್ರದಲ್ಲಿ ನಡೆಯುವುದಿಲ್ಲ; ಇಮೇಲ್‌ಗೆ ನಿಮ್ಮ ಸೈಟಿನ ವಿಳಾಸ ಎಂಬುದೊಂದು ಇಲ್ಲ. ಸಾಮಾಜಿಕ ಜಾಲಗಳಲ್ಲಿ ಲಿಂಕ್ ಹಂಚಿದಾಗ ಬರುವ ಚಿತ್ರಕ್ಕೆ ಕೊಡುವ ‘ಓಜಿ:ಇಮೇಜ್’ ಮೆಟಾ ಟ್ಯಾಗ್‌ಗೆ ಪೂರ್ಣ ವಿಳಾಸವೇ ಬೇಕು. ಲೇಖನದಲ್ಲಿ ಚಿತ್ರ ಇದ್ದೂ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದಾಗ ಬರದಿದ್ದರೆ ಮೊದಲು ಈ ಟ್ಯಾಗನ್ನು ನೋಡಿ. ಹುಡುಕು ಯಂತ್ರಗಳಿಗೆ ಪುಟಗಳ ಪಟ್ಟಿ ಕೊಡುವ ಸೈಟ್‌ಮ್ಯಾಪ್‌ನಲ್ಲೂ ಪೂರ್ಣ ವಿಳಾಸ ಕಡ್ಡಾಯ.

ಫೀಡ್‌ಗಳ ವಿಷಯ ಸ್ವಲ್ಪ ತೊಡಕಿನದು. ಆಟಮ್ ಫೀಡ್‌ನಲ್ಲಿ ‘ಎಕ್ಸ್‌ಎಮ್‌ಎಲ್:ಬೇಸ್’ ಎಂಬ ಗುಣದಿಂದ ಆಧಾರ ವಿಳಾಸ ಹೇಳಬಹುದು. ಆರ್‌ಎಸ್‌ಎಸ್ 2.0ರಲ್ಲಿ ಬರಹದೊಳಗಿನ ದಾರಿಯನ್ನು ಎಲ್ಲಿಂದ ಎಣಿಸಬೇಕೆಂಬ ನಿಯಮವೇ ಇಲ್ಲ; ಒಂದೊಂದು ರೀಡರ್ ಒಂದೊಂದು ಊಹೆ ಮಾಡುತ್ತದೆ. ಆದ್ದರಿಂದ ಲೇಖನದಲ್ಲಿ ರೂಟ್ ದಾರಿ ಇರಲಿ, ಫೀಡ್ ತಯಾರಾಗುವಾಗ ಅದು ಪೂರ್ಣ ವಿಳಾಸವಾಗಿ ಬದಲಾಗಲಿ. ಫೀಡ್ ತಯಾರಿಸುವ ಟೆಂಪ್ಲೇಟ್‌ನಲ್ಲಿ ಎಸ್‌ಆರ್‌ಸಿ ಮತ್ತು ಎಸ್‌ಆರ್‌ಸಿಸೆಟ್ (ಒಂದೇ ಚಿತ್ರದ ಬೇರೆ ಬೇರೆ ಗಾತ್ರಗಳ ವಿಳಾಸಗಳ ಪಟ್ಟಿ) ಎರಡನ್ನೂ ಬದಲಿಸಬೇಕು. ಎರಡನೆಯದನ್ನು ಬಿಟ್ಟರೆ, ಅದನ್ನು ಓದಬಲ್ಲ ರೀಡರ್‌ಗಳಲ್ಲಿ ಚಿತ್ರ ಮುರಿದೇ ಇರುತ್ತದೆ.

ವರ್ಡ್‌ಪ್ರೆಸ್‌ನಲ್ಲಿ ಏನು ಮಾಡಬೇಕು?

ವರ್ಡ್‌ಪ್ರೆಸ್ ಚಿತ್ರ ಸೇರಿಸುವಾಗ ತಾನೇ ಪೂರ್ಣ ವಿಳಾಸ ಬರೆದು ಡೇಟಾಬೇಸ್‌ನಲ್ಲಿ ಇಡುತ್ತದೆ. ಚಿತ್ರಗಳು ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ವರ್ಷ, ತಿಂಗಳ ಉಪಫೋಲ್ಡರ್‌ಗಳಲ್ಲಿ ಕೂರುತ್ತವೆ. ಅದರ ಪಾಡಿಗೆ ಅದನ್ನು ಬಿಡಿ. ಪ್ರತಿ ಲೇಖನದಲ್ಲೂ ಕೈಯಾರೆ ರಿಲೇಟಿವ್ ಮಾಡುವುದು ವ್ಯರ್ಥ ಶ್ರಮ.

ಡೊಮೇನ್ ಬದಲಾದಾಗ ಹಳೆಯ ವಿಳಾಸಗಳನ್ನು ಒಟ್ಟಿಗೆ ಬದಲಿಸಬೇಕಾಗುತ್ತದೆ. ನೇರ ಎಸ್‌ಕ್ಯೂಎಲ್‌ನಿಂದ ಹುಡುಕಿ-ಬದಲಿಸಬೇಡಿ. ಥೀಮ್ ಮತ್ತು ಪ್ಲಗಿನ್‌ಗಳ ಎಷ್ಟೋ ಸೆಟ್ಟಿಂಗ್‌ಗಳು ಸೀರಿಯಲೈಸ್ ಆಗಿರುತ್ತವೆ: ಪ್ರತಿ ಪಠ್ಯದ ಮುಂದೆ ಅದರ ಉದ್ದವೂ ಅಂಕಿಯಲ್ಲಿ ಬರೆದಿರುತ್ತದೆ. ಹೊಸ ಡೊಮೇನಿನ ಹೆಸರು ಒಂದಕ್ಷರ ಉದ್ದವಿದ್ದರೂ ಅಂಕಿ ಹೊಂದದೆ ಆ ಸೆಟ್ಟಿಂಗ್ ಪೂರ್ತಿ ಕಳೆದುಹೋಗುತ್ತದೆ. ವರ್ಡ್‌ಪ್ರೆಸ್‌ಗೆ ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಉಪಕರಣವಾದ ಡಬ್ಲ್ಯೂಪಿ-ಸಿಎಲ್‌ಐಯ ‘ಸರ್ಚ್-ರಿಪ್ಲೇಸ್’ ಈ ಅಂಕಿಯನ್ನೂ ಸರಿಮಾಡುತ್ತದೆ. ಮೊದಲು ಡೇಟಾಬೇಸ್ ಬ್ಯಾಕಪ್, ನಂತರ ‘ಡ್ರೈ-ರನ್’ ಹಾಕಿ ಎಷ್ಟು ಕಡೆ ಬದಲಾಗುತ್ತದೆಂದು ನೋಡುವುದು, ಆಮೇಲೆ ನಿಜವಾದ ಬದಲಾವಣೆ. ‘ಜಿಯುಐಡಿ’ ಕಾಲಮ್ಮನ್ನು ಮುಟ್ಟದಂತೆ ಹೇಳಿ. ಫೀಡ್ ರೀಡರ್‌ಗಳು ಹಳೆಯ ಲೇಖನವನ್ನು ಗುರುತಿಸುವುದು ಅದರಿಂದ.

ಬ್ಲಾಗರ್‌ನಲ್ಲಿ?

ಅಲ್ಲಿ ಚಿತ್ರಗಳು ನಿಮ್ಮ ಬ್ಲಾಗಿನ ವಿಳಾಸದ ಕೆಳಗೆ ಇರುವುದೇ ಇಲ್ಲ, ಗೂಗಲ್‌ನ ಬೇರೆ ಸರ್ವರ್‌ಗಳಲ್ಲಿ ಇರುತ್ತವೆ. ಎಡಿಟರ್ ಕೊಡುವ ಪೂರ್ಣ ವಿಳಾಸವನ್ನೇ ಬಳಸಿ.

ಚಿತ್ರಕ್ಕೆ ಕನ್ನಡದಲ್ಲಿ ಹೆಸರಿಡಬಹುದೇ? ಹೆಸರಿನಲ್ಲಿ ಸ್ಪೇಸ್ ಇದ್ದರೆ?

ಕನ್ನಡದ ಹೆಸರು ನಡೆಯುತ್ತದೆ, ಆದರೆ ತೊಂದರೆಗಳೂ ಇವೆ. ವಿಳಾಸದಲ್ಲಿ ಹೋಗುವಾಗ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ ಯುಟಿಎಫ್-8ರ 3 ಬೈಟ್ ಆಗಿ, ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರವಾಗುತ್ತದೆ. ‘ಗೂಡು’ ಎಂಬಲ್ಲಿ ಗ, ದೀರ್ಘ ಊ ಕಾರ, ಡ, ಉ ಕಾರ ಎಂದು 4 ಚಿಹ್ನೆಗಳು. ವಿಳಾಸದಲ್ಲಿ ಅದು 36 ಅಕ್ಷರ.

ಉದ್ದವನ್ನು ಸಹಿಸಬಹುದು. ಕಣ್ಣಿಗೆ ಒಂದೇ ಆಗಿ ಕಂಡರೂ ಒಳಗೆ ಬೇರೆಯಾಗಿರುವ ಹೆಸರುಗಳು ಅದಕ್ಕಿಂತ ಕಷ್ಟ. ಕೀ, ಕೇ, ಕೈ, ಕೊ, ಕೋ ಇವುಗಳ ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಇಡಿಯಾಗಿಯೂ ಬರೆಯಬಹುದು, ಬಿಡಿಸಿ ತುಂಡುಗಳಾಗಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರನ್ನು ಬಿಡಿಸಿ ಇಡುತ್ತದೆ, ನೀವು ಲಿಂಕ್‌ನಲ್ಲಿ ಟೈಪ್ ಮಾಡಿದ್ದು ಇಡಿಯಾಗಿರುತ್ತದೆ. ಲಿನಕ್ಸ್ ಸರ್ವರ್‌ಗೆ ಅವು ಎರಡು ಬೇರೆ ಫೈಲ್. ಅರ್ಧಾಕ್ಷರ ಬಿಡಿಸಿ ತೋರಿಸಲು ಬಳಸುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಅಕ್ಷರವೂ ಹೀಗೆಯೇ: ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ 404, ಮತ್ತು ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣದು. ಫೈಲ್ ಹೆಸರು ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಅಡ್ಡಗೆರೆ ಇಷ್ಟರಲ್ಲೇ ಇರಲಿ. ಕನ್ನಡದ ವಿವರಣೆಯನ್ನು ಆಲ್ಟ್ ಪಠ್ಯದಲ್ಲಿ ಮನಸಾರೆ ಬರೆಯಿರಿ. ಕಣ್ಣು ಕಾಣದ ಓದುಗರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದು ಅದನ್ನೇ.

ಸ್ಪೇಸ್ ಬೇಡ. ವಿಳಾಸದಲ್ಲಿ ಅದು %20 ಆಗಬೇಕು. ಎಸ್‌ಆರ್‌ಸಿಯಲ್ಲಿ ಬ್ರೌಸರ್ ತಾನೇ ಸರಿಮಾಡಿಕೊಂಡರೂ ಎಸ್‌ಆರ್‌ಸಿಸೆಟ್‌ನಲ್ಲಿ ಸ್ಪೇಸ್ ಎಂದರೆ ವಿಳಾಸ ಮುಗಿಯಿತು ಎಂದೇ ಅರ್ಥ. ಮಾರ್ಕ್‌ಡೌನ್‌ನಲ್ಲೂ ಲಿಂಕ್ ಅಲ್ಲೇ ಒಡೆಯುತ್ತದೆ. ಹೆಸರಿನಲ್ಲಿ # ಇದ್ದರೆ ಅದರ ಮುಂದಿನದೆಲ್ಲ ಸರ್ವರ್‌ಗೆ ಹೋಗುವುದೇ ಇಲ್ಲ. %23 ಎಂದು ಬರೆಯಬೇಕು. ಶೇಕಡಾ ಚಿಹ್ನೆಗೆ %25. ಹೀಗೆ ಬರೆಯುವುದಕ್ಕಿಂತ ಹೆಸರು ಬದಲಿಸುವುದೇ ಸುಲಭ.

ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಬದಲಾದರೆ ಲಿಂಕ್‌ಗಳ ಗತಿ?

ರೂಟ್ ದಾರಿ, ಪುಟದ ದಾರಿ ಎರಡಕ್ಕೂ ಏನೂ ಆಗುವುದಿಲ್ಲ, ಪುಟದ ಪ್ರೋಟೋಕಾಲನ್ನೇ ಹಿಡಿಯುತ್ತವೆ. ಎಚ್‌ಟಿಟಿಪಿ ಎಂದು ಪೂರ್ಣವಾಗಿ ಬರೆದವುಗಳನ್ನು ಸುರಕ್ಷಿತ ಪುಟದಲ್ಲಿ ಬ್ರೌಸರ್ ಎಚ್‌ಟಿಟಿಪಿಎಸ್‌ಗೆ ಏರಿಸಿ ನೋಡುತ್ತದೆ, ಅಥವಾ ಎಚ್ಚರಿಕೆ ಕೊಡುತ್ತದೆ, ಅಥವಾ ತಡೆಯುತ್ತದೆ. // ಬಳಸಿ ಎರಡಕ್ಕೂ ಹೊಂದಿಸುವ ಹಳೆಯ ಉಪಾಯದ ಅಗತ್ಯ ಈಗಿಲ್ಲ. ಹೊರಗಿನ ಚಿತ್ರವಾದರೆ ಎಚ್‌ಟಿಟಿಪಿಎಸ್ ಎಂದೇ ಬರೆಯಿರಿ.

ರಿಲೇಟಿವ್ ಲಿಂಕ್‌ನಿಂದ ಹುಡುಕಾಟದ ಶ್ರೇಯಾಂಕಕ್ಕೆ ಅಥವಾ ವೇಗಕ್ಕೆ ಪೆಟ್ಟು ಬೀಳುತ್ತದೆಯೇ?

ಇಲ್ಲ. ಸರ್ವರ್‌ಗೆ ಹೋಗುವುದು ಯಾವಾಗಲೂ ಪೂರ್ಣ ವಿಳಾಸವೇ, ಹುಡುಕು ಯಂತ್ರಗಳೂ ಬ್ರೌಸರ್‌ನಂತೆಯೇ ಲೆಕ್ಕ ಮಾಡುತ್ತವೆ. ನಿಮ್ಮ ಸೈಟು ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇದ್ದೂ ಇಲ್ಲದೆಯೂ ಎರಡರಲ್ಲೂ ತೆರೆಯುತ್ತಿದ್ದರೆ ಮಾತ್ರ ಒಂದೇ ಚಿತ್ರಕ್ಕೆ ಎರಡು ವಿಳಾಸವಾಗಿ ಎರಡು ಸಲ ಡೌನ್‌ಲೋಡ್ ಆಗುತ್ತದೆ. ಅದಕ್ಕೂ ಮದ್ದು 301 ರೀಡೈರೆಕ್ಟ್.

ಮುರಿದ ಚಿತ್ರದ ಕಾರಣ ಪತ್ತೆ ಮಾಡುವ ಖಚಿತ ವಿಧಾನ ಯಾವುದು?

ಕೋಡ್ ದಿಟ್ಟಿಸುತ್ತಾ ಊಹಿಸಬೇಡಿ, ಬ್ರೌಸರ್ ನಿಜಕ್ಕೂ ಯಾವ ವಿಳಾಸ ಕೇಳಿತು ಎಂದು ನೋಡಿ. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆರೆಯಿರಿ, ಚಿತ್ರಗಳ ಫಿಲ್ಟರ್ ಆರಿಸಿ, ‘ಡಿಸೇಬಲ್ ಕ್ಯಾಶೆ’ಗೆ ಗುರುತು ಹಾಕಿ, ಪುಟವನ್ನು ರೀಲೋಡ್ ಮಾಡಿ. ಕೆಂಪಾಗಿ ಕಂಡ ಸಾಲನ್ನು ಒತ್ತಿದರೆ ರಿಕ್ವೆಸ್ಟ್ ಯುಆರ್‌ಎಲ್ ಎಂಬಲ್ಲಿ ಪೂರ್ಣ ವಿಳಾಸ ಇರುತ್ತದೆ. ಅದನ್ನು ಫೈಲ್ ನಿಜವಾಗಿ ಇರುವ ವಿಳಾಸದ ಕೆಳಗೆ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ನಡುವೆ ಒಂದು ಫೋಲ್ಡರ್ ಹೆಚ್ಚು ಅಥವಾ ಕಡಿಮೆ ಇದ್ದರೆ ../ ಅಥವಾ ಕೊನೆಯ ಸ್ಲ್ಯಾಶ್‌ನ ತಪ್ಪು. ಮೊದಲ ಫೋಲ್ಡರೇ ಕಾಣೆಯಾಗಿದ್ದರೆ ಉಪಫೋಲ್ಡರ್‌ನ ಸಮಸ್ಯೆ. ಎಲ್ಲ ಒಂದೇ ಆಗಿ ಕಂಡರೂ 404 ಇದ್ದರೆ ದೊಡ್ಡಕ್ಷರ ಸಣ್ಣಕ್ಷರ, ಅಥವಾ ಕಾಣದ ಅಕ್ಷರ.

ಆಧಾರ ವಿಳಾಸದ ಬಗ್ಗೆಯೇ ಅನುಮಾನವಿದ್ದರೆ ಕನ್ಸೋಲ್‌ನಲ್ಲಿ ‘ಡಾಕ್ಯುಮೆಂಟ್.ಬೇಸ್‌ಯುಆರ್‌ಐ’ ಕೇಳಿ, ಬ್ರೌಸರ್ ಎಲ್ಲಿಂದ ಎಣಿಸುತ್ತಿದೆ ಎಂದು ಅದು ಹೇಳುತ್ತದೆ. ಎಸ್‌ಆರ್‌ಸಿಸೆಟ್ ಇರುವ ಚಿತ್ರಕ್ಕೆ ‘ಕರೆಂಟ್‌ಎಸ್‌ಆರ್‌ಸಿ’ ನೋಡಿ. ಕಾಣುತ್ತಿರುವುದು ನೀವು ತಿದ್ದುತ್ತಿರುವ ಎಸ್‌ಆರ್‌ಸಿಯ ಚಿತ್ರ ಆಗಿರಬೇಕೆಂದೇನೂ ಇಲ್ಲ. ದೊಡ್ಡ ಪರದೆಯಲ್ಲಿ ಸರಿ, ಮೊಬೈಲಿನಲ್ಲಿ ಮುರಿದಿದೆ ಎಂದಾದರೆ ಎಸ್‌ಆರ್‌ಸಿಸೆಟ್‌ನ ಯಾವುದೋ ಒಂದು ಗಾತ್ರದ ದಾರಿ ಮಾತ್ರ ತಪ್ಪಿದೆ.

ಚಿತ್ರಗಳ ಫೋಲ್ಡರನ್ನೇ ಬೇರೆ ಕಡೆಗೆ ಸರಿಸಬೇಕು. ಹಳೆಯ ಲಿಂಕ್‌ಗಳಿಗೆ ಏನು ಮಾಡಲಿ?

ಮೊದಲು ಹೊಸ ಜಾಗಕ್ಕೆ ನಕಲು ಮಾಡಿ, ಹಳೆಯದನ್ನು ಅಳಿಸಬೇಡಿ. ಲೇಖನಗಳಲ್ಲಿ ದಾರಿ ಬದಲಿಸಿ. ಸಿಎಸ್‌ಎಸ್, ಎಸ್‌ಆರ್‌ಸಿಸೆಟ್, ವಿಡಿಯೊಗಳ ಪೋಸ್ಟರ್, ಓಜಿ ಟ್ಯಾಗ್ ಇವನ್ನು ಮರೆಯುವುದೇ ಹೆಚ್ಚು, ಒಂದೊಂದಾಗಿ ಹುಡುಕಿ. ಹಳೆಯ ವಿಳಾಸದಿಂದ ಹೊಸದಕ್ಕೆ ಸರ್ವರ್‌ನಲ್ಲಿ 301 ರೀಡೈರೆಕ್ಟ್ ಹಾಕಿದ ಮೇಲೆಯೇ ಹಳೆಯ ಫೋಲ್ಡರ್ ತೆಗೆಯಿರಿ. ಈಗಾಗಲೇ ಕಳುಹಿಸಿದ ಇಮೇಲ್‌ಗಳು, ಫೀಡ್ ರೀಡರ್‌ಗಳು ಉಳಿಸಿಕೊಂಡ ಪ್ರತಿಗಳು, ಬೇರೆ ಸೈಟಿನವರು ಕೊಟ್ಟ ಲಿಂಕ್‌ಗಳು ಹಳೆಯ ವಿಳಾಸವನ್ನೇ ಕೇಳುತ್ತಿರುತ್ತವೆ, ಅವನ್ನು ತಿದ್ದಲು ನಿಮ್ಮಿಂದಾಗದು. ಆ ರೀಡೈರೆಕ್ಟನ್ನು ತೆಗೆಯುವ ಗಡಿಬಿಡಿ ಬೇಡ. ಕೆಲವು ತಿಂಗಳ ನಂತರ ಸರ್ವರ್ ಲಾಗ್‌ನಲ್ಲಿ ಹಳೆಯ ದಾರಿಗೆ ಇನ್ನೂ ಎಷ್ಟು ಕೋರಿಕೆ ಬರುತ್ತಿದೆ ಎಂದು ನೋಡಿ ತೀರ್ಮಾನಿಸಿ.